ಕಟ್ಟದ ಕೆಳಗಿನ ಹೊಳೆ

ನಮ್ಮ ಕಡೆ ಗಲ್ಫಿನಿಂದ ಬಂದವರನ್ನು ಯಾರೂ ಕ್ಷೇಮ ಸಮಾಚಾರ ಕೇಳುವುದಿಲ್ಲ. ಯಾವಾಗ ಬಂದದ್ದು, ಯಾವಾಗ ವಾಪಸ್, ಇಷ್ಟು ಕೇಳಿ ಮುಂದೆ ಹೋಗುತ್ತಾರೆ. ಉಪ್ಪಳ ಪೇಟೆಗೆ ಒಂದು ಕಟ್ಟು ಬಸಳೆ ತರಲು ಹೋದರೂ ಮನೆ ಮುಟ್ಟುವಷ್ಟರಲ್ಲಿ ನಾಲ್ಕು ಜನ ಕೇಳಿ ಆಗಿರುತ್ತದೆ. ಆ ಸಲ ಜುಲೈ ಕೊನೆಗೆ, ಆಟಿ ತಿಂಗಳ ಮಳೆಯಲ್ಲಿ ಮಸ್ಕತ್ತಿನಿಂದ ಬಂದಿಳಿದ ನನ್ನ ಗಂಡ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು. "ಆರು ತಿಂಗಳು ಉಂಟು. ನೋಡುವ."

ಆರು ತಿಂಗಳ ಲೆಕ್ಕ ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅದಕ್ಕಿಂತ ಹೆಚ್ಚು ಊರಲ್ಲಿ ಉಳಿದರೆ ಅಲ್ಲಿಯ ವೀಸಾ ತನ್ನಷ್ಟಕ್ಕೆ ಬಿದ್ದುಹೋಗುತ್ತದೆ. ಜನವರಿ ಮುಗಿಯುವುದರೊಳಗೆ ವಿಮಾನ ಹತ್ತದಿದ್ದರೆ ಅವರು ಮನೆಯಲ್ಲಿರುವ ಗಂಡ, ಹತ್ತಿದರೆ ಮತ್ತೆ ಎರಡು ವರ್ಷ ಫೋನಿನಲ್ಲಿರುವ ಗಂಡ. ನನಗೆ ಅವರು ಹೋಗುವುದು ಬೇಡವಾಗಿತ್ತು. ಆದರೆ ಹೋಗಬೇಡಿ ಎಂದು ಹೇಳುವುದೂ ಬೇಡವಾಗಿತ್ತು. ಹಿಂದೊಮ್ಮೆ ರಜೆಯಲ್ಲಿ ಬಂದಾಗ ಬಾಯಿಬಿಟ್ಟು ಹೇಳಿದ್ದೆ, ಅತ್ತೂ ಇದ್ದೆ. ಆಗಲಿ ಎಂದು ತಲೆ ಆಡಿಸಿ ಹೋಗಿಯೇ ಬಿಟ್ಟಿದ್ದರು. ಇನ್ನೊಮ್ಮೆ ಆ ಮರ್ಯಾದೆಗೇಡು ನನಗೆ ಬೇಡ, ಉಳಿಯುವುದಾದರೆ ಅವರಾಗಿ ಉಳಿಯಲಿ ಎಂದು ಹಟ ಹಿಡಿದು ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನಕ್ಕೆ ಒಗ್ಗುವಂಥದ್ದಲ್ಲ.

ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಮಗಳು ಮಂಗಳೂರಿನಲ್ಲಿ ಹಾಸ್ಟೆಲು. ನಾನು ಎದುರಿನ ಕೋಣೆಯಲ್ಲಿ ಹೊಲಿಗೆ ಮಿಶನು ಇಟ್ಟುಕೊಂಡು ಮಂಗಲ್ಪಾಡಿಯ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದೆ. ಗಂಡ ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ. ಜಗಲಿಗೆ ಹೋಗುವರು, ಗೇಟಿನವರೆಗೆ ಹೋಗುವರು, ರೈಲು ಹೋದ ಸದ್ದಿಗೆ ಎದ್ದು ನಿಲ್ಲುವರು, ಒಳಗೆ ಬಂದು ಮಿಶನಿನ ಎಣ್ಣೆ ಡಬ್ಬಿಯನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಇಡುವರು. ಅದನ್ನೇ ನೋಡುತ್ತ ಒಂದು ದಿನ ಒಂದು ರವಿಕೆಗೆ ಎರಡೂ ಎಡಗೈಯ ತೋಳು ಇಟ್ಟು ಹೊಲಿದುಬಿಟ್ಟೆ. ಇಷ್ಟು ವರ್ಷ ಕತ್ತರಿ ಹಿಡಿದವಳಿಗೆ ಹಾಗೆ ಆದದ್ದು ಅದೇ ಮೊದಲು.

ಆ ವರ್ಷ ಗಲ್ಫಿನಿಂದ ತುಂಬ ಜನ ಕೆಲಸ ಬಿಟ್ಟು ಬರುತ್ತಿದ್ದರು. ಕಟ್ಟುತ್ತಿದ್ದ ಕಟ್ಟಡಗಳೆಲ್ಲ ಅರ್ಧಕ್ಕೆ ನಿಂತಿದ್ದವಂತೆ. ನಿಮ್ಮಲ್ಲಿ ಹೇಗೆ ಎಂದು ಕೇಳಿದ್ದಕ್ಕೆ ಅವರು ನಕ್ಕಿದ್ದರು. "ನಮ್ಮದು ಕುಡಿಯುವ ನೀರಿನ ಕಂಪನಿ ಮಾರಾಯ್ತಿ. ನೀರು ಕುಡಿಯುವುದನ್ನು ಯಾರು ನಿಲ್ಲಿಸ್ತಾರೆ?"

ಆಟಿ ಕಳೆದು ಸೋಣ ತಿಂಗಳಲ್ಲಿ ಮಳೆ ಸ್ವಲ್ಪ ಬಿಟ್ಟ ಮೇಲೆ ಅವರು ಅಟ್ಟದಿಂದ ಒಂದು ಉದ್ದನೆಯ ಕೊಳವೆ ಇಳಿಸಿದರು. ಒಳಗೆ ನಾಲ್ಕು ತುಂಡಾಗಿ ಕಳಚಿಟ್ಟ ಗಾಳದ ಕೋಲು. ಕಂಪನಿಯ ಬಿಳಿ ಮ್ಯಾನೇಜರ್ ಊರಿಗೆ ಹೋಗುವಾಗ ಕೊಟ್ಟದ್ದು. ಆ ಮನುಷ್ಯ ಇವರನ್ನು ಶುಕ್ರವಾರಗಳಂದು ಕಡಲ ಬದಿಗೆ ಕರೆದುಕೊಂಡು ಹೋಗಿ ಫ್ಲೈ ಫಿಶಿಂಗ್ ಕಲಿಸಿದ್ದರಂತೆ. ಎರೆಹುಳ ಇಲ್ಲ, ಸಿಗಡಿ ಇಲ್ಲ. ಗರಿ ಮತ್ತು ನೂಲು ಸುತ್ತಿ ಹಾರುವ ಹುಳದ ಹಾಗೆ ಮಾಡಿದ ಸಣ್ಣ ಗಾಳ, ಅದನ್ನು ನೀರಿನ ಮೇಲೆ ಹುಳ ಕೂತಷ್ಟು ಹಗುರಾಗಿ ಇಳಿಸಬೇಕು. ಮೀನು ಮೋಸಹೋಗಿ ಬಾಯಿ ಹಾಕಬೇಕು. ಹಾಕಿದ ಮೇಲೆ ಬಿಡಿಸಿ ನೀರಿಗೇ ಬಿಡಬೇಕು.

"ಬಿಡ್ಲಿಕ್ಕೆ ಹಿಡಿಯುವುದು ಯಾಕೆ?" ಎಂದು ನಾನು ಕೇಳಿದೆ. ಮೀನಿನ ಬುಟ್ಟಿಯವಳು ಗೇಟಿಗೆ ಬಂದರೆ ಕೈಯ ಕೆಲಸ ಬಿಟ್ಟು ಓಡುವ ಮನೆ ನಮ್ಮದು.

"ಅದೆಲ್ಲ ಹೇಳಿದರೆ ಗೊತ್ತಾಗುವುದಿಲ್ಲ. ಮೊದಲು ಹೊಳೆ ಬೇಕು."

ಆ ಮಾತು ನನಗೆ ಹಿಡಿಸಿತು. ಹೊಳೆ ಬೇಕು ಎನ್ನುವವನು ಇಲ್ಲಿ ಏನೋ ಬೇಕು ಎನ್ನುತ್ತಿದ್ದಾನೆ ಎಂದು ಅರ್ಥ ಮಾಡಿಕೊಂಡೆ. ನಮ್ಮ ಜಿಲ್ಲೆಯಲ್ಲಿ ಹೊಳೆಗಳಿಗೇನು ಬರಗಾಲ. ಗುಡ್ಡದಿಂದ ಇಳಿದು ಕಡಲಿಗೆ ಓಡಲು ಒಂದಕ್ಕಿಂತ ಒಂದು ಅವಸರದವು. ಅದರಲ್ಲೊಂದು ಇವರಿಗೆ ಒಪ್ಪಿಗೆಯಾದರೆ ಸಾಕು, ಟಿಕೆಟಿನ ಮಾತು ತಾನಾಗಿ ತಣ್ಣಗಾಗುತ್ತದೆ ಎಂದು ಮನಸ್ಸಿನಲ್ಲೇ ಬೇಲಿ ಕಟ್ಟಿದೆ. ಭಾನುವಾರ ಮಿಶನಿಗೆ ರಜೆ. ಸ್ಕೂಟರು ನನ್ನದು, ಬಿಡುವವಳೂ ನಾನು. ಅವರು ಕೊಳವೆಯನ್ನು ಬಂದೂಕಿನ ಹಾಗೆ ಹೆಗಲಿಗೆ ಹಾಕಿಕೊಂಡು ಹಿಂದೆ ಕೂರುತ್ತಿದ್ದರು.

ಅವರಿಗೆ ಬೇಕಾದ ಹೊಳೆ ಹೇಗಿರಬೇಕು ಎಂದು ದಾರಿಯುದ್ದಕ್ಕೂ ನನ್ನ ಕಿವಿಯ ಹತ್ತಿರ ಹೇಳುತ್ತಿದ್ದರು. ನೀರು ಹರಿಯುತ್ತಿರಬೇಕು. ತಳದ ಕಲ್ಲು ಕಾಣಬೇಕು. ಇಳಿದು ನಿಂತರೆ ಮೊಣಕಾಲಿಗಿಂತ ಹೆಚ್ಚು ಇರಬಾರದು. ಎಲ್ಲಕ್ಕಿಂತ ಮುಖ್ಯ, ಬೆನ್ನ ಹಿಂದೆ ಜಾಗ ಬೇಕು. ಈ ಗಾಳಕ್ಕೆ ಭಾರವೇ ಇಲ್ಲ, ಭಾರ ಇರುವುದು ನೂಲಿಗೆ. ನೂಲನ್ನು ಮೊದಲು ಹಿಂದಕ್ಕೆ ಬೀಸಿ ಅದು ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆ ಬೀಸಬೇಕು. ಹಾಗಾಗಿ ಮುಂದೆ ಎಷ್ಟು ಹೊಳೆ ಬೇಕೋ ಹಿಂದೆ ಅಷ್ಟೇ ಖಾಲಿ ಬೇಕು. ಕೇಳುವಾಗ ಸುಲಭವೆನಿಸಿತು. ನಮ್ಮ ಊರುಗಳಲ್ಲಿ ಒಬ್ಬ ಮನುಷ್ಯನ ಬೆನ್ನ ಹಿಂದೆ ಖಾಲಿ ಜಾಗ ಸಿಗುವುದು ಎಷ್ಟು ಕಷ್ಟ ಎಂದು ಆಮೇಲೆ ಗೊತ್ತಾಯಿತು.

ಮೊದಲು ಹೋದದ್ದು ಹತ್ತಿರದ ಉಪ್ಪಳ ಹೊಳೆಯ ಅಳಿವೆಗೆ. ಅಲ್ಲಿ ಜಾಗವೇನೋ ಇತ್ತು, ಆದರೆ ಕಡಲ ಗಾಳಿಗೆ ನೂಲು ಸುತ್ತಿಕೊಂಡು ಬಂದು ಅವರ ಅಂಗಿಗೇ ಸಿಕ್ಕಿತು. ನಾನು ಕತ್ತರಿ ತೆಗೆದು ಅಂಗಿ ಬಿಡಿಸುವಷ್ಟರಲ್ಲಿ ಬಲೆ ಹಾಕಲು ಬಂದವರೆಲ್ಲ ಸುತ್ತ ನಿಂತಿದ್ದರು. ಎಂತ ಸಿಕ್ಕಿತು ಎಂದು ಕೇಳಲಿಲ್ಲ, ಯಾವಾಗ ವಾಪಸ್ ಎಂದು ಕೇಳಿದರು. ಇವರು ಸರಸರ ಕೋಲು ಕಳಚಿ ಕೊಳವೆಗೆ ತುಂಬಿಸಿದರು.

ಶಿರಿಯಾ ಹೊಳೆಯ ಬದಿಯಲ್ಲಿ ಇನ್ನೊಂದು ಬಗೆ. ಅಲ್ಲಿ ಪರವಾನಗಿ ಇಲ್ಲದೆ ಹೊಯ್ಗೆ, ಅಂದರೆ ಮರಳು, ತೆಗೆಯುವ ದೋಣಿಗಳು. ಇವರು ಕೋಲು ಜೋಡಿಸಿ ನೀರಿನ ಆಳ ನೋಡುತ್ತ ನಿಂತದ್ದೇ ತಡ, ದೋಣಿಗಳು ಒಂದೊಂದಾಗಿ ಆಚೆ ದಡಕ್ಕೆ ಸರಿದವು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಮುಂಡು ಉಟ್ಟ ಒಬ್ಬರು ಎಳನೀರಿನ ಎರಡು ಬೊಂಡ ಕೆತ್ತಿಸಿಕೊಂಡು ಬಂದು ನಮ್ಮ ಎದುರು ಹಿಡಿದು, "ಸಾರ್ ಯಾವ ಆಫೀಸು?" ಎಂದರು. ಮೀನು ಹಿಡಿಯಲು ಬಂದದ್ದು ಎಂದರೆ ನಂಬಲೇ ಇಲ್ಲ. ಹೆಂಡತಿಯನ್ನು ಕರೆದುಕೊಂಡು, ಟೋಪಿ ಹಾಕಿಕೊಂಡು, ತುಂಡು ತುಂಡು ಕೋಲು ಹಿಡಿದು ಯಾರು ಮೀನಿಗೆ ಬರುತ್ತಾರೆ? ಬೊಂಡ ಕುಡಿದು ಬಂದೆವು. ನೀರು ಹೇಗೂ ಕಲಕಿ ಚಹಾದ ಬಣ್ಣಕ್ಕೆ ತಿರುಗಿತ್ತು.

ಅಗಲ್ಪಾಡಿಯ ಕಡೆ ಒಂದು ತೋಡು ನೋಡಿದೆವು. ನೀರು ಕನ್ನಡಿ, ಆದರೆ ಎರಡೂ ಬದಿ ಅಡಿಕೆ ಮರ. ಮೊದಲನೆಯ ಬೀಸಿಗೇ ಗಾಳ ಹಿಂದಿನ ಅಡಿಕೆ ಗೊನೆಗೆ ಸಿಕ್ಕಿಬಿತ್ತು. ತೋಟದ ಯಜಮಾನರು, ಮೀನು ಮುಟ್ಟದ ಜನ, ಬಂದು ನೋಡಿ ಬೈಯಲಿಲ್ಲ. ಮರ ಹತ್ತುವವನನ್ನು ಕರೆಸಿ ಗಾಳ ಬಿಡಿಸಿಕೊಟ್ಟರು, ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟರು. ಹಿಡಿದ ಮೀನನ್ನು ಬಿಟ್ಟುಬಿಡುತ್ತೇವೆ ಎಂದು ಕೇಳಿ ಅವರಿಗೆ ಬಹಳ ತಮಾಷೆಯಾಯಿತು. "ಹಾಗಾದರೆ ಇದು ತಿನ್ನದವರಿಗೆ ನಮಗೇ ಹೇಳಿ ಮಾಡಿಸಿದ್ದು. ನೀವು ಯಾಕೆ ಕಷ್ಟಪಡ್ತೀರಿ?" ಎಂದರು. ನಾನು ನಕ್ಕೆ, ಇವರೂ ನಕ್ಕರು. ಎದ್ದು ಬರುವಾಗ ಯಜಮಾನರು ಚಪ್ಪಲಿ ಹಾಕುತ್ತಿದ್ದ ಇವರನ್ನು ಕೇಳಿದರು, "ಇನ್ನು ಯಾವಾಗ ಪ್ರಯಾಣ?" ಇವರ ನಗು ಅಲ್ಲಿಗೇ ನಿಂತಿತು.

ಅವರಿಗೆ ಹೋಗುವ ದಿನದ ನೆನಪಾಗಿ ಬೇಸರ ಬಂತೆಂದು ನಾನು ಎಣಿಸಿದೆ. ಬೇಸರವಾದರೆ ಒಳ್ಳೆಯದೇ ಎಂದೂ ಎಣಿಸಿದೆ.

ಹೀಗೆ ಭಾನುವಾರಗಳು ಹೋದವು. ಒಂದು ಹೊಳೆಯಲ್ಲಿ ನೀರು ಹೆಚ್ಚು, ಒಂದರಲ್ಲಿ ಬಟ್ಟೆ ಒಗೆಯುವವರು ಹೆಚ್ಚು, ಒಂದರಲ್ಲಿ ಕಡಲಿನ ಉಪ್ಪು ನೀರು ಮೇಲಿನವರೆಗೆ ಹತ್ತಿತ್ತು. ಪಯಸ್ವಿನಿ ಹೊಳೆಯ ಮೇಲ್ಭಾಗದಲ್ಲಿ ಒಂದು ಕಡೆ ನಿಜವಾಗಿ ಚೆಂದವಿತ್ತು. ಬಂಡೆಗಳ ನಡುವೆ ನೀರು, ಹಿಂದೆ ಬಯಲು. ಅಲ್ಲಿ ಅವರು ಮಧ್ಯಾಹ್ನದವರೆಗೆ ನಿಂತರು. ಆದರೆ ಹೋಗಿ ಬರುವಾಗ ನನ್ನ ಸೊಂಟ ಬಿದ್ದುಹೋಯಿತು. "ಇಂಥದ್ದು ಒಂದು ಹತ್ತಿರದಲ್ಲಿ ಇದ್ದಿದ್ದರೆ," ಎಂದು ಅವರು ದಾರಿಯಲ್ಲಿ ಹೇಳಿದರು. ಇದ್ದಿದ್ದರೆ ಎಂತ ಮಾಡುತ್ತಿದ್ದರು ಎಂದು ಹೇಳಲಿಲ್ಲ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ದೀಪಾವಳಿ ಕಳೆದಿತ್ತು. ಜನವರಿ ದೂರವಿರಲಿಲ್ಲ. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗುತ್ತದಲ್ಲ ಎಂದು ಸಂಕಟವಾಯಿತು.

ಆಗ ಹೊಳೆದದ್ದು ನನ್ನ ತವರಿನ ಹೊಳೆ. ಇಷ್ಟು ದಿನ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಾಯಾರು ಪೇಟೆಯಿಂದ ಒಳಗೆ, ಗುಡ್ಡದ ಬುಡದಲ್ಲಿ ಹರಿಯುವ ಆ ನೀರು ನಮಗೆ ಮೀಯುವುದಕ್ಕೆ, ಬಟ್ಟೆಗೆ, ದನಕ್ಕೆ. ಅದಕ್ಕೆ ಹೊಳೆ ಎಂಬ ಮರ್ಯಾದೆ ಕೊಟ್ಟು ನೋಡಿದವರು ಮನೆಯಲ್ಲಿ ಯಾರೂ ಇಲ್ಲ.

ನವೆಂಬರದ ಒಂದು ಬೆಳಿಗ್ಗೆ ಕರೆದುಕೊಂಡು ಹೋದೆ. ಮನೆಯಲ್ಲಿ ಅಣ್ಣ, ಅತ್ತಿಗೆ. ಚಹಾ ಕುಡಿದು ಇಳಿದೆವು. ಕೆಳಗೆ ಎರಡೂ ದಡದಲ್ಲಿ ಕಲ್ಲುಗಳ ರಾಶಿ ಬಿದ್ದಿತ್ತು. "ಇದು ನಮ್ಮ ಕಟ್ಟದ ಜಾಗ," ಎಂದು ಅವರಿಗೆ ತೋರಿಸಿದೆ. ಪ್ರತಿ ವರ್ಷ ಮಳೆ ಪೂರ್ತಿ ಹೋದ ಮೇಲೆ ಸುತ್ತಲಿನ ನಾಲ್ಕು ಮನೆಯವರು ಸೇರಿ ಹೊಳೆಗೆ ಅಡ್ಡ ಕಲ್ಲು ಮಣ್ಣಿನ ಕಟ್ಟ ಹಾಕುತ್ತಾರೆ. ಬೇಸಗೆ ಮುಗಿಯುವವರೆಗೆ ತೋಟಗಳಿಗೆ ಅದರದ್ದೇ ನೀರು. ಹೊಸ ಮಳೆ ಬಂದು ಅದನ್ನು ಒಡೆದುಕೊಂಡು ಹೋಗುತ್ತದೆ, ಮತ್ತೆ ಹಾಕುತ್ತಾರೆ. ನಾನು ಈಜು ಕಲಿತದ್ದು ಕಟ್ಟದ ಮೇಲೆ ನಿಲ್ಲುವ ಆ ನೀರಿನಲ್ಲಿ. ಇದನ್ನೆಲ್ಲ ಹೇಳುತ್ತಲೇ ಇನ್ನೂ ಕೆಳಗೆ ನಡೆದೆವು. ಕಟ್ಟದ ಕೆಳಗೆ ನಾನು ಹುಟ್ಟಿದಂದಿನಿಂದ ಹೋದವಳಲ್ಲ. ಹೋಗಲು ಕೆಲಸವೇ ಇರಲಿಲ್ಲ.

ತಿರುವು ದಾಟಿದರೆ ಅವರು ಹೇಳಿದ ಹೊಳೆ ಇತ್ತು. ಅಗಲಕ್ಕೆ ಹರಡಿದ ನೀರು, ಮೊಣಕಾಲಿನಷ್ಟು, ಒಂದೊಂದು ಕಲ್ಲೂ ಕಾಣುವಂತೆ. ಬೆನ್ನಿಗೆ ಬೇಸಾಯ ಬಿಟ್ಟ ಗದ್ದೆ, ಒಂದು ಮರವಿಲ್ಲ, ಒಬ್ಬ ಮನುಷ್ಯನಿಲ್ಲ. ಅವರು ಪ್ಯಾಂಟು ಮಡಚಿ ಇಳಿದರು. ಅಣ್ಣನ ಹುಂಜದ ಕೊರಳಿನ ಗರಿ ಕೇಳಿ ತಂದು, ರವಿಕೆಗೆ ಕಸೂತಿ ಹಾಕುವ ಕಂದು ನೂಲಿನಲ್ಲಿ ನಾನೇ ಮೊದಲೇ ಸುತ್ತಿಟ್ಟಿದ್ದ ಹುಳ ಅವರ ಗಾಳದಲ್ಲಿತ್ತು. ನೂಲು ಹಿಂದೆ ಹೋಗಿ ಪೂರ್ತಿ ಬಿಚ್ಚಿಕೊಂಡು ಮುಂದೆ ಬಂದು ನೀರಿಗೆ ಇಳಿಯಿತು. ಮೂರನೆಯದೋ ನಾಲ್ಕನೆಯದೋ ಸಲ ನೀರು ಚಿಮ್ಮಿತು. ಗೇಣುದ್ದದ ಮೀನು, ಹೊಟ್ಟೆ ಬೆಳ್ಳಿ, ಪಕ್ಕಗಳಲ್ಲಿ ನೀಲಿ ಪಟ್ಟೆಗಳು. ಅವರು ಅದನ್ನು ನೀರಿನಲ್ಲೇ ಹಿಡಿದು ಗಾಳ ಬಿಡಿಸಿ ಕೈ ಸಡಿಲ ಮಾಡಿದರು. ಅದು ಒಂದು ಕ್ಷಣ ಕೈಯೊಳಗೇ ನಿಂತು ಆಮೇಲೆ ಹೋಯಿತು. ಬಿಡಲಿಕ್ಕೆ ಯಾಕೆ ಹಿಡಿಯುವುದು ಎಂದು ಆ ಹೊತ್ತಿಗೆ ನನಗೆ ಗೊತ್ತಾಯಿತು, ಹೇಳು ಎಂದರೆ ನನಗೂ ಹೇಳಲು ಬರುವುದಿಲ್ಲ.

"ಇಲ್ಲಿ ಆಗ್ತದೆ," ಎಂದರು ಅವರು.

ಆಮೇಲಿನ ದಿನಗಳಲ್ಲಿ ಅವರು ವಾರದ ನಡುವೆಯೂ ಬಸ್ಸು ಹತ್ತಿ ಹೋಗತೊಡಗಿದರು. ಸಂಜೆ ಬಿಸಿಲಿಗೆ ಕಪ್ಪಾಗಿ, ಕಾಲು ನೆನೆದು ಬಿಳಿಚಿ ವಾಪಸಾಗುವರು. ಉಂಡು ಮಲಗಿದರೆ ನಿದ್ದೆ. ಜಗಲಿಗೆ ಗೇಟಿಗೆ ಓಡಾಟ ನಿಂತಿತು. ಅಣ್ಣನ ಮನೆಯಲ್ಲೇ ಊಟ, ಅಣ್ಣನ ಜೊತೆ ಮಾತು. ನನಗೆ ಒಳಗೊಳಗೇ ಹಬ್ಬ. ಆದರೂ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಮಿಶನು ನಿಲ್ಲಿಸಿ ಕಿವಿ ಕೊಡುತ್ತಿದ್ದೆ. ಇಂದು ಬಂದು ಹೇಳಬಹುದು, ಟಿಕೆಟು ಮಾಡುವುದಿಲ್ಲ ಎಂದು. ಇಂದಲ್ಲದಿದ್ದರೆ ನಾಳೆ. ಅವರು ಬಂದು ಮೀನಿನ ಮಾತು ಹೇಳುತ್ತಿದ್ದರು, ಇದನ್ನು ಮಾತ್ರ ಹೇಳುತ್ತಿರಲಿಲ್ಲ. ಕೇಳಿಬಿಡುವ ಎಂದು ಬಾಯಿ ತೆರೆದು ಎಷ್ಟು ಸಲ ಉಪ್ಪಿನಕಾಯಿ ಬೇಕಾ ಎಂದು ಕೇಳಿದ್ದೇನೋ.

ಡಿಸೆಂಬರದಲ್ಲಿ ಅಣ್ಣನ ಫೋನು ಬಂತು, ಭಾನುವಾರ ಕಟ್ಟ ಹಾಕುವುದು, ಜನ ಕಡಿಮೆ, ಭಾವನನ್ನು ಕಳುಹಿಸು ಎಂದು. ಇಬ್ಬರೂ ಹೋದೆವು. ಇವರು ಲುಂಗಿ ಎತ್ತಿ ಕಟ್ಟಿ, ತಲೆಗೆ ಬೈರಾಸು ಸುತ್ತಿ ಇಳಿದರು. ಇಷ್ಟು ವರ್ಷ ನೀರನ್ನು ಬಾಟಲಿಯಲ್ಲಿ ನೋಡಿದ ಮನುಷ್ಯ ಅಂದು ಕುತ್ತಿಗೆಯವರೆಗೆ ಕೆಸರಾಗಿ ನಗುತ್ತಿದ್ದರು. ಎರಡು ಸಾಲು ಕಲ್ಲು, ನಡುವೆ ಮಣ್ಣು, ಮಣ್ಣನ್ನು ತುಳಿದು ತುಳಿದು ಗಟ್ಟಿ ಮಾಡುವುದು. ಹೆಂಗಸರು ನಾವು ಬುಟ್ಟಿ ದಾಟಿಸುತ್ತಿದ್ದೆವು. ಕೊನೆಗೆ ನಡುವೆ ಒಂದು ಬಾಯಿ ಉಳಿಯುತ್ತದೆ. ಹೊಳೆ ಪೂರ್ತಿ ಅದರೊಳಗೇ ನುಗ್ಗುವುದರಿಂದ ಅದನ್ನು ಮುಚ್ಚುವಾಗ ಅವಸರವೋ ಅವಸರ. ಒಬ್ಬರು ಆ ಸೆಳೆತದಲ್ಲಿ ನಿಂತು ತುಳಿಯಬೇಕು. ಇವರೇ ಹೋಗಿ ನಿಂತರು. ಬುಟ್ಟಿಯ ಮೇಲೆ ಬುಟ್ಟಿ ಬಿತ್ತು, ಇವರು ತುಳಿದರು, ನೀರಿನ ಸದ್ದು ನಿಂತಿತು.

"ಭಾವ, ಮುಂದಿನ ವರ್ಷವೂ ನೀವೇ," ಎಂದು ಅಣ್ಣ ಹೇಳಿದ. ನಾನು ಇವರ ಮುಖ ನೋಡಿದೆ. ಇವರು ಹೂಂ ಎಂದರು. ಎಲ್ಲರೂ ದಡದಲ್ಲಿ ಕೂತು ಅವಲಕ್ಕಿ ತಿನ್ನುತ್ತ ಮೇಲೆ ನೀರು ಒಂದೊಂದೇ ಕಲ್ಲು ಮುಳುಗಿಸುತ್ತ ಏರುವುದನ್ನು ನೋಡಿದೆವು. ಕಟ್ಟ ಹಾಕಿದ ದಿನ ನೋಡುವುದೇ ಅದು. ಯಾರೂ ತಿರುಗಿ ಕೂತು ಕೆಳಗೆ ನೋಡುವುದಿಲ್ಲ.

ಮರುದಿನ ಬೆಳಿಗ್ಗೆ ಕೊಳವೆ ಹಿಡಿದು ಹೋದವರು ಮಧ್ಯಾಹ್ನಕ್ಕೇ ಬಂದರು. ಬಾಗಿಲಲ್ಲಿ ನಿಂತು "ಹೊಳೆ ಇಲ್ಲ," ಎಂದರು.

"ಇಲ್ಲ ಅಂದರೆ ಎಂತ?"

"ಇಲ್ಲ. ನಾವೇ ಮುಚ್ಚಿದ್ದಲ್ವಾ ನಿನ್ನೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಮೇಲೆ ನಿಲ್ಲಿಸಿದ ನೀರು ಕೆಳಗೆ ಹೋಗುವುದಿಲ್ಲ ಎಂಬುದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತಿರುವ ಸಂಗತಿ. ಕಟ್ಟದ ನೀರಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಳೆಯಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಬೇರೆಯವರಿಗೆ ಹೇಳುತ್ತಿದ್ದವಳು ನಾನು.

ಆ ದಿನವೇ ಅವರ ಓಡಾಟ ಮತ್ತೆ ಶುರುವಾಯಿತು. ಜಗಲಿ, ಗೇಟು, ಎಣ್ಣೆ ಡಬ್ಬಿ. ಎರಡು ದಿನ ನೋಡಿದೆ. ಮೂರನೆಯ ದಿನ ಹೊಲಿಯುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಸ್ಕೂಟರು ತೆಗೆದೆ. "ಕೂರಿ," ಎಂದೆ. ಅವರು ಬಂದು ಹಿಂದೆ ಕೂತರು.

ಮೊದಲು ಕಟ್ಟದ ಕೆಳಗೆ ಹೋಗಿ ನನ್ನ ಕಣ್ಣಿನಿಂದಲೇ ನೋಡಿದೆ. ಅಷ್ಟು ಅಗಲದ ಹೊಳೆ ಬರಿಯ ಕಲ್ಲು. ಬಿಸಿಲಿಗೆ ಮೇಲಿನ ಪಾಚಿ ಆಗಲೇ ಸಿಪ್ಪೆಯೇಳುತ್ತಿತ್ತು. ಅಲ್ಲಲ್ಲಿ ಗುಂಡಿಗಳಲ್ಲಿ ಉಳಿದ ನೀರಿನಲ್ಲಿ ಆ ನೀಲಿ ಪಟ್ಟೆಯ ಮೀನುಗಳು ಒಂದರ ಮೇಲೊಂದು ಬಿದ್ದು ಸುತ್ತುತ್ತಿದ್ದವು. ಕೊಕ್ಕರೆಗಳಿಗೆ ಮದುವೆ ಊಟ. ಪ್ರತಿ ವರ್ಷವೂ ಇದು ಹೀಗೇ ಆಗಿರಬೇಕು. ನಾನು ಮೇಲೆ ಈಜು ಹೊಡೆಯುತ್ತಿದ್ದ ಎಲ್ಲ ವರ್ಷಗಳಲ್ಲೂ.

ಅಲ್ಲಿಂದ ಬಿರಬಿರನೆ ಹತ್ತಿ ಕಟ್ಟಕ್ಕೆ ಬಂದೆ. ಹೊಸ ಕಟ್ಟ ಮೊದಲ ವಾರ ಸೋರುತ್ತದೆ, ಅದನ್ನು ಸೊಪ್ಪು ಮಣ್ಣು ತುರುಕಿ ನಿಲ್ಲಿಸಲು ಅಣ್ಣ ಮತ್ತು ಉಳಿದ ಮೂರು ಮನೆಯ ಗಂಡಸರು ಅಲ್ಲೇ ಇದ್ದರು. ಇವರು ನನ್ನ ಹಿಂದೆ ನಿಧಾನವಾಗಿ ಬರುತ್ತಿದ್ದರು.

"ಅಣ್ಣ, ಒಂದು ಬದಿಯಲ್ಲಿ ಒಂದು ಗೇಣು ತೆಗೆದು ಬಿಡು," ಎಂದೆ.

"ಎಂತಕ್ಕೆ?"

"ಕೆಳಗೆ ಸ್ವಲ್ಪ ನೀರು ಹೋಗಲಿ."

ಅಣ್ಣ ನನ್ನನ್ನು ಹುಚ್ಚು ಹಿಡಿದವಳನ್ನು ನೋಡಿದ ಹಾಗೆ ನೋಡಿದ. "ಒಂದು ಗೇಣು ತೆಗೆದರೆ ನೀರು ಅಷ್ಟೇ ಹೋಗ್ತದಾ? ಮಣ್ಣನ್ನೂ ಎಳಕೊಂಡು ಹೋಗ್ತದೆ. ಏಪ್ರಿಲಿಗೆ ಪಂಪಿನ ಪೈಪು ನೀರಿಗೆ ಮುಟ್ಟದಿದ್ದರೆ ಈ ನಾಲ್ಕು ಮನೆಯವರು ಎಂತ ಮಾಡುವುದು?"

"ಪೈಪು ಉದ್ದ ಮಾಡು."

"ನೀನು ರವಿಕೆ ಉದ್ದ ಮಾಡಿದ ಹಾಗಾ? ಮೀನಿಗೆ ಬೇಕಾಗಿ ಕಟ್ಟ ಬಿಚ್ಚಿದರು ಅಂತ ಹೇಳಿದರೆ ಊರಿನವರು ನಗ್ತಾರೆ. ಅದೂ ತಿನ್ನದ ಮೀನಿಗೆ."

ಉಳಿದವರು ನಕ್ಕರು. ಅಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ ಎಂದು ನನಗೆ ಗೊತ್ತಿತ್ತು, ಅದಕ್ಕೇ ಸಿಟ್ಟು ನೆತ್ತಿಗೇರಿತು. ಆಟಿಯಿಂದ ಕಟ್ಟಿಕೊಂಡಿದ್ದ ಬಾಯಿ ಅಲ್ಲಿ ಒಡೆಯಿತು.

"ಮೀನಿಗಲ್ಲ ಅಣ್ಣ. ಹೊಳೆ ಇಲ್ಲದಿದ್ದರೆ ಇವರು ಹೋಗ್ತಾರೆ. ಜನವರಿಗೆ ಆರು ತಿಂಗಳು ಆಗ್ತದೆ. ಇದೊಂದು ಹೊಳೆ ಸಿಕ್ಕಿತು ಅಂತ ಇವರು ಇಲ್ಲಿ ಕೂತದ್ದು. ಅದನ್ನೂ ಮುಚ್ಚಿದರೆ ಮತ್ತೆ ಎಂತ ಉಂಟು ಇವರನ್ನು ನಿಲ್ಲಿಸ್ಲಿಕ್ಕೆ? ಮತ್ತೆ ಎರಡು ವರ್ಷ ನಾನು ಆ ಮನೆಯಲ್ಲಿ ಒಬ್ಬಳೇ ಕೂರಬೇಕು. ನನ್ನಿಂದ ಆಗುವುದಿಲ್ಲ. ನಾನು ಕೂರುವುದಿಲ್ಲ."

ಹೇಳಿ ಆದ ಮೇಲೆ ನಾಚಿಕೆಯಾಯಿತು. ಹೊರಗಿನ ಗಂಡಸರ ಎದುರು, ಕೆಸರಿನಲ್ಲಿ ನಿಂತು, ಮೂಗು ಒರೆಸಿಕೊಂಡು ಹೇಳುವ ಮಾತಾಗಿತ್ತಾ ಅದು? ಎಲ್ಲರೂ ಕೈಯ ಸೊಪ್ಪು ನೋಡುತ್ತ ನಿಂತರು.

ಇವರು ಅಷ್ಟರಲ್ಲಿ ಹತ್ತಿರ ಬಂದಿದ್ದರು.

"ಕಟ್ಟ ಬಿಚ್ಚುವುದು ಬೇಡ ಭಾವ," ಎಂದರು. "ನಾನು ಎಲ್ಲಿಗೂ ಹೋಗುವುದಿಲ್ಲ. ಹೋಗ್ಲಿಕ್ಕೆ ಇಲ್ಲ. ಕೆಲಸದಿಂದ ತೆಗೆದು, ವೀಸಾ ಅಲ್ಲಿಂದಲೇ ಕ್ಯಾನ್ಸಲ್ ಮಾಡಿ ಕಳಿಸಿದ್ದು. ಬಂದ ದಿನದಿಂದ ನಾನು ಊರಲ್ಲೇ ಇರುವವನು."

ಮೂರು ಮನೆಯವರಲ್ಲಿ ಒಬ್ಬರು ಹೋಗಲಿ ಬಿಡಿ, ತುಂಬ ಜನರದ್ದು ಹಾಗೇ ಆಗಿದೆ ಎಂದೇನೋ ಹೇಳಲು ಹೊರಟರು. ಅಣ್ಣ ಅವರನ್ನು ಮಾತು ಮುಗಿಸಲು ಬಿಡಲಿಲ್ಲ. ಕೈಯ ಮಣ್ಣನ್ನು ನೀರಿನಲ್ಲಿ ತೊಳೆದುಕೊಂಡು ಇವರನ್ನು ನೋಡಿದ.

"ಹಾಗಾದರೆ ಶುಕ್ರವಾರ ನಿಮಗೆ ಹಾಕ್ತೇನೆ ಭಾವ," ಎಂದ. "ಸೋರುವುದನ್ನು ನೋಡ್ಲಿಕ್ಕೆ ದಿನಕ್ಕೊಬ್ಬರು ಬೇಕು. ಊರಲ್ಲಿ ಇರುವವರು ಯಾರೂ ತಪ್ಪಿಸುವ ಹಾಗಿಲ್ಲ."

ಇವರು ತಲೆ ಆಡಿಸಿದರು. ದಡದಲ್ಲಿದ್ದ ಒಂದು ಬೈರಾಸು ಎತ್ತಿ ನೆನೆಸಿಕೊಂಡು ಕಟ್ಟದ ಕೆಳಕ್ಕೆ ಇಳಿದು, ಗುಂಡಿಗಳ ಮೀನನ್ನು ಅದರಲ್ಲಿ ಬಾಚಿ ತಂದು ಮೇಲಿನ ನೀರಿಗೆ ಬಿಡತೊಡಗಿದರು. ಅಣ್ಣನೂ ಒಂದು ಬುಟ್ಟಿ ಹಿಡಿದು ಹೋದ. ನಾನು ಹೋಗಲಿಲ್ಲ. ನನಗೆ ಸಿಟ್ಟು ಬಂದಿತ್ತು. ಬೇಕೆಂದು ಹರಕೆ ಹೊತ್ತದ್ದು ಆಟಿಯಲ್ಲೇ ಕೈಗೆ ಸಿಕ್ಕಿ ಆಗಿತ್ತು, ಅದನ್ನು ನನಗೆ ಹೇಳದೆ ನನ್ನನ್ನು ಹೊಳೆ ಹೊಳೆ ಅಲೆಸಿದ್ದರು. ಎಷ್ಟು ಸಲ ಜೀವ ಕೈಯಲ್ಲಿ ಹಿಡಿದು ಬಸ್ಸಿನ ಸದ್ದಿಗೆ ಕಿವಿ ಕೊಟ್ಟಿದ್ದೆ. ಅವರು ಉಳಿಯುತ್ತಾರೆಂಬ ಸಂತೋಷ ಈ ಸಿಟ್ಟಿನ ಕೆಳಗೆ ಎಲ್ಲೋ ಬಿದ್ದಿತ್ತು, ಎತ್ತಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ನಾನಾಗಿ ಉಳಿಯುತ್ತೇನೆ ಎಂದು ಅವರ ಬಾಯಿಂದ ಬರಬೇಕಿತ್ತು ನನಗೆ. ಬಂದದ್ದು ಹೋಗಲಿಕ್ಕೆ ಇಲ್ಲ ಎಂದು.

ವಾಪಸು ಬರುವಾಗ ಬಾಯಾರು ದಾಟಿದ ಮೇಲೆ ನನಗೆ ತಡೆಯಲಿಲ್ಲ.

"ಊರಿನವರಿಗೆ ಹೇಳದಿದ್ದರೆ ಬೇಡ. ನನಗೆ ಹೇಳಬಹುದಿತ್ತಲ್ಲ," ಎಂದೆ, ರಸ್ತೆ ನೋಡುತ್ತಲೇ.

"ಮಳೆ ಬಿಟ್ಟ ಮೇಲೆ ಹೇಳುವ ಅಂತಲೇ ಇದ್ದೆ."

"ಮತ್ತೆ ಎಂತ ಆಯಿತು?"

"ನೀನು ಹೊಳೆ ಹುಡುಕ್ಲಿಕ್ಕೆ ಹೊರಟದ್ದು ಎಂತಕ್ಕೆ ಅಂತ ನನಗೆ ಗೊತ್ತಿತ್ತು," ಎಂದರು. "ಅಲ್ಲಿ ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ಒಂದು ದಿನ ಕರೆದು, ನಾಳೆಯಿಂದ ಬೇಡ ಅಂದರು. ಇಲ್ಲಿ ಬಂದರೆ ನೀನು ಒಂದೊಂದು ಭಾನುವಾರ ಸೊಂಟ ಮುರಿಯುವ ಹಾಗೆ ಸ್ಕೂಟರು ಓಡಿಸ್ತಿ, ನಾನು ಬೇಕು ಅಂತ. ಹೇಳಿದರೆ ಅದು ನಿಲ್ಲುತ್ತಿತ್ತು ಮಾರಾಯ್ತಿ. ಒಂದು ಭಾನುವಾರ ಹೆಚ್ಚು ಇರಲಿ, ಮುಂದಿನ ಸಲ ಹೇಳುವ ಅಂತ ಎಣಿಸಿ ಎಣಿಸಿ ಇಷ್ಟಾಯಿತು."

ಸ್ಕೂಟರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದೆ. ಇಳಿಯಲಿಲ್ಲ, ತಿರುಗಿಯೂ ನೋಡಲಿಲ್ಲ, ಹಾಗೇ ಹ್ಯಾಂಡಲು ಹಿಡಿದುಕೊಂಡು ಅತ್ತೆ. ಬಾಯಾರಿನ ಕಡೆಯಿಂದ ಬಂದ ಬಸ್ಸಿನಿಂದ ಯಾರೋ ಗುರುತಿನವರು ಇಣುಕಿ ನೋಡಿದರು. ನೋಡಲಿ ಎಂದು ಬಿಟ್ಟೆ. ಹಿಂದಿನಿಂದ ಅವರು ನನ್ನ ಹೆಗಲಿಗೆ ಕೆಸರಿನ ಕೈ ಇಟ್ಟು ಕೂತೇ ಇದ್ದರು.